ನಾನು ಓದಿರದ ಪುಸ್ತಕದ ಒಂದು ಪುಟ

ದೆವ್ವ, ಭಾನಾಮತಿ, ಹಿಂದಿನ ಜನ್ಮದ ನೆನಪು ಇಂಥ ಮಾತು ಬಂದಾಗ ನಾನು ಎದ್ದು ಹೋಗುವವನಲ್ಲ, ಕೂತು ಕಥೆ ಕೆಡಿಸುವವನು. ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಾಗ ನಾವು ಕೆಲವು ಗೆಳೆಯರು ಒಂದು ಹಳ್ಳಿಗೆ ಹೋಗಿ, ಒಂದು ಮನೆಯ ಮೇಲೆ ತಾವಾಗಿ ಬೀಳುತ್ತಿದ್ದವೆಂದು ಸುದ್ದಿಯಾಗಿದ್ದ ಕಲ್ಲುಗಳ ಮೂಲವನ್ನು ಪತ್ತೆ ಮಾಡಿದ್ದೆವು. ಆ ಮನೆಯ ಕಿರಿಯ ಸೊಸೆಯೇ ಬೇವಿನ ಮರದ ಮರೆಯಲ್ಲಿ ನಿಂತು ಎಸೆಯುತ್ತಿದ್ದಳು. ಅವಳನ್ನು ತವರಿಗೆ ಕಳಿಸುತ್ತಿರಲಿಲ್ಲವಂತೆ. ಪವಾಡ ಎಂಬುದು ಇಲ್ಲ, ಸರಿಯಾಗಿ ನೋಡದ ಸಾಕ್ಷಿಗಳು ಇದ್ದಾರೆ ಅಷ್ಟೆ ಎಂದು ಅಂದಿನಿಂದ ನಾನು ಎಲ್ಲರಿಗೂ ಹೇಳುತ್ತ ಬಂದೆ. ಈಗಲೂ ಹಾಗೆಯೇ ಹೇಳುತ್ತೇನೆ. ಆದರೆ ಈಗ ಬರೆಯಹೊರಟಿರುವ ಸಂಗತಿಗೆ ನಾನೇ ಸಾಕ್ಷಿ. ಆ ಹಳ್ಳಿಯವರನ್ನು ನಾನು ಹೇಗೆ ಸಂಶಯದಿಂದ ನೋಡಿದೆನೋ ಹಾಗೆಯೇ ನೀವು ನನ್ನನ್ನು ನೋಡಬೇಕು.

ನಾನಾಗ ಅಹಮದಾಬಾದಿನಲ್ಲಿದ್ದೆ. ಒಂದು ಸಂಶೋಧನಾ ಸಂಸ್ಥೆಗೆಂದು ಬಂದವನು ಅಲ್ಲಿ ನಿಲ್ಲಲಾರದೆ ಖಾಸಗಿ ಕಂಪನಿಯೊಂದಕ್ಕೆ ಸೇರಿದ್ದೆ. ಎಲ್ಲಿಯೂ ನಿಲ್ಲದಿರುವುದು ನನ್ನ ಸ್ವಭಾವ. ಹಾಸನದ ಮಹೇಶ ಎಂಬವನ ಜೊತೆ ನಾರಣಪುರಾದಲ್ಲಿ ಒಂದು ಫ್ಲ್ಯಾಟ್ ಹಿಡಿದಿದ್ದೆ. ಸಂಜೆ ಕೆಳಗಿನ ಉಯ್ಯಾಲೆಯಲ್ಲಿ ಕೂತ ಹಿರಿಯರು ನನ್ನನ್ನು ಕಂಡರೆ “ಜಮ್ಯಾ?” ಎನ್ನುತ್ತಿದ್ದರು. ಊಟ ಆಯಿತೇ ಎಂದು. ನಾನು ಉತ್ತರ ಜೋಡಿಸಿಕೊಳ್ಳುವಷ್ಟರಲ್ಲಿ ಅವರ ಮುಖ ಬೇರೆ ಕಡೆ ತಿರುಗಿರುತ್ತಿತ್ತು. ಅವರಲ್ಲಿ ಕೆಟ್ಟತನವೇನೂ ಇರಲಿಲ್ಲ. ಆ ಊರಿನಲ್ಲಿ ನನಗೆ ಯಾರೂ ಕೆಟ್ಟದ್ದು ಮಾಡಲಿಲ್ಲ. ನಾನಿಲ್ಲದಿದ್ದರೆ ಅಲ್ಲಿ ಯಾವುದೂ ನಿಲ್ಲುತ್ತಿರಲಿಲ್ಲ, ಅಷ್ಟೆ.

ಭಾನುವಾರ ಹೋಗಲು ನನಗಿದ್ದ ಒಂದೇ ಜಾಗ ಒಂದು ಪುಸ್ತಕದ ಅಂಗಡಿ. ಹಳೆಯ ಕಾಂಪ್ಲೆಕ್ಸಿನ ಮೊದಲ ಮಹಡಿ, ಕೆಳಗೆ ಬನಿಯನ್, ಕಾಲುಚೀಲಗಳ ಮಳಿಗೆ. ಅಂಗಡಿಯಲ್ಲಿದ್ದವರು ಇಬ್ಬರು. ಹಿರಿಯರು ಕಿರೀಟ್‌ಭಾಯಿ, ಮತ್ತೊಬ್ಬರು ಐವತ್ತರ ಆಸುಪಾಸಿನ ಜ್ಯೋತ್ಸ್ನಾಬೇನ್. ಅಲ್ಲಿ ಪುಸ್ತಕ ಶಿಫಾರಸು ಮಾಡುವುದಕ್ಕೆ ಒಂದು ಪದ್ಧತಿಯಿತ್ತು. ಕಿರೀಟ್‌ಭಾಯಿಯ ತಂದೆ ಬಟ್ಟೆ ಗಿರಣಿಯಲ್ಲಿದ್ದವರು. ಅವರ ಮನೆಯಲ್ಲಿ ಉಳಿದಿದ್ದ ಮಾದರಿ ಬಟ್ಟೆಗಳನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿ ಮಗ ಅಂಗಡಿಗೆ ತಂದಿದ್ದರು. ಕಿರೀಟ್‌ಭಾಯಿಯದು ನೀಲಿ ಗೆರೆಯ ಪಟ್ಟಿ, ಜ್ಯೋತ್ಸ್ನಾಬೇನ್ ಅವರದು ಕೆಂಪು. ತಾವು ಓದಿ ಮೆಚ್ಚಿದ ಪುಸ್ತಕದಲ್ಲಿ, ತಮಗೆ ಬಹಳ ಹಿಡಿಸಿದ ಒಂದು ಪುಟಕ್ಕೆ ಆ ಪಟ್ಟಿ ಇಡುತ್ತಿದ್ದರು. ಕೇಳಿಕೊಂಡು ಬಂದವರ ಮುಂದೆ ಪುಸ್ತಕವನ್ನು ಹೊಗಳುತ್ತಿರಲಿಲ್ಲ. ಪಟ್ಟಿಯಿದ್ದ ಕಡೆ ಬಿಡಿಸಿ ಕೈಗೆ ಕೊಟ್ಟು, “ನಿಂತುಕೊಂಡು ಈ ಪುಟ ಓದಿ” ಎನ್ನುತ್ತಿದ್ದರು. ಹಿಡಿಸಿದರೆ ಕೊಳ್ಳುವುದು, ಇಲ್ಲವಾದರೆ ಇಟ್ಟು ಹೋಗುವುದು.

ಈ ವಿಷಯದಲ್ಲಿ ಇಬ್ಬರಿಗೂ ಸದಾ ಜಟಾಪಟಿ. ನಮ್ಮ ಮಾತೆಲ್ಲ ಹಿಂದಿಯಲ್ಲಿ ನಡೆಯುತ್ತಿತ್ತು, ತಮ್ಮತಮ್ಮೊಳಗೆ ಅವರು ಗುಜರಾತಿಗೆ ಜಾರುತ್ತಿದ್ದರು.

“ಕಿರೀಟ್‌ಭಾಯಿಯ ನೀಲಿ ಪಟ್ಟಿ ಕಂಡರೆ ತಿಳ್ಕೊಳ್ಳಿ, ಆ ಪುಟದಲ್ಲಿ ಯಾರೋ ಸತ್ತಿದ್ದಾರೆ” ಎಂದು ಜ್ಯೋತ್ಸ್ನಾಬೇನ್ ನನಗೆ ಹೇಳಿದ್ದರು.

“ಇವರ ಕೆಂಪು ಪಟ್ಟಿಯ ಪುಸ್ತಕದಲ್ಲಿ ಯಾರೂ ಸಾಯೋದಿಲ್ಲ, ಖರೆ. ಬರೀ ತಿಂತಾ ಇರ್ತಾರೆ” ಎಂದರು ಕಿರೀಟ್‌ಭಾಯಿ, ತಲೆ ಎತ್ತದೆ.

ಒಂದು ದಿನ ಇಬ್ಬರೂ ಸೇರಿ ನನಗೂ ಒಂದು ಪಟ್ಟಿ ಕೊಟ್ಟರು, ಬಣ್ಣ ಹಾಕದ ಬಿಳಿ ಬಟ್ಟೆಯದು. “ನೀವು ವಾರವಾರ ಬರ್ತೀರಿ, ಕೊಳ್ಳೋದು ಕಡಿಮೆ. ಕೆಲಸವಾದರೂ ಮಾಡಿ” ಎಂದು ಜ್ಯೋತ್ಸ್ನಾಬೇನ್ ನಕ್ಕರು. ಗುಜರಾತಿ ಓದಲು ಬಾರದ ನನ್ನ ಪಾಲಿಗೆ ಇಂಗ್ಲಿಷಿನ ಸಣ್ಣ ಕಪಾಟು ಬಂತು. ಒಂದು ಪುಟ ನೋಡಿ ಪುಸ್ತಕ ಅಳೆಯುವುದು ಅವೈಜ್ಞಾನಿಕ ಎಂದು ನಾನು ವಾದ ಮಾಡಿದೆ. ಪಟ್ಟಿಯನ್ನು ಮಾತ್ರ ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಅಂಗಿ ಬದಲಾದಂತೆ ಅದೂ ಜೇಬಿನಿಂದ ಜೇಬಿಗೆ ಬದಲಾಗುತ್ತಿತ್ತು. ಎಲ್ಲಿಯೂ ಇಡಲಿಲ್ಲ. ಇನ್ನೊಬ್ಬರಿಗೆ ಓದಿ ಎಂದು ಹೇಳಲು ನನಗೆ ಅಷ್ಟು ಹತ್ತಿರದವರು ಯಾರೂ ಅಲ್ಲಿ ಇರಲಿಲ್ಲ.

ಸಂಕ್ರಾಂತಿ ಬಂತು. ಅಲ್ಲಿ ಅದಕ್ಕೆ ಉತ್ತರಾಯಣ ಎನ್ನುತ್ತಾರೆ. ಊರಿಗೆ ಊರೇ ತಾರಸಿಯ ಮೇಲೆ ಗಾಳಿಪಟ ಹಾರಿಸುವ ದಿನ. ಮಹೇಶ ವಡೋದರಾದ ಗೆಳೆಯರ ಬಳಿ ಹೋಗಿದ್ದ. ಮನೆ ಮಾಲೀಕರು ಮರ್ಯಾದೆಯಿಂದ ಕರೆದರೆಂದು ನಾನೂ ಮಧ್ಯಾಹ್ನ ತಾರಸಿಗೆ ಹೋದೆ. ನನ್ನ ಕೈಗೆ ದಾರದ ಉರುಳೆ ಕೊಟ್ಟರು. ಹಿಡಿದುಕೊಂಡು ನಿಂತೆ. ಸ್ವಲ್ಪ ಹೊತ್ತಿಗೆ ಅವರ ಅಳಿಯ ಬಂದ, ಉರುಳೆ ಅವನ ಕೈಗೆ ಹೋಯಿತು. ನಾನು ಮೆಟ್ಟಿಲಿಳಿದು ಬಂದದ್ದನ್ನು ಯಾರೂ ಗಮನಿಸಲಿಲ್ಲ. ಹಾಗೆಯೇ ನಡೆಯುತ್ತ ಹೋದೆ. ರಸ್ತೆಗಳು ಖಾಲಿ. ತಂತಿಗಳಿಂದ ದಾರ ಜೋತುಬಿದ್ದಿತ್ತು, ನಾಯಿಗಳು ನಡುರಸ್ತೆಯಲ್ಲಿ ಮಲಗಿದ್ದವು. ಮನುಷ್ಯರ ಸದ್ದೆಲ್ಲ ಮೇಲಿನಿಂದ ಬರುತ್ತಿತ್ತು. ಊರು ಒಂದು ಮಹಡಿ ಮೇಲಕ್ಕೆ ಹೋಗಿ, ಕೆಳಗೆ ನನ್ನೊಬ್ಬನನ್ನು ಬಿಟ್ಟಂತಿತ್ತು.

ಅಂಗಡಿ ಮುಚ್ಚಿರುತ್ತದೆ ಎಂದುಕೊಂಡೇ ಹೋದೆ. ಶಟರು ಅರ್ಧ ತೆರೆದಿತ್ತು. ಕಿರೀಟ್‌ಭಾಯಿ ಅದೇ ಕಟ್ಟಡದ ತಾರಸಿಯಲ್ಲಿ ಮೊಮ್ಮಕ್ಕಳ ಜೊತೆ ಇದ್ದರು. ಜ್ಯೋತ್ಸ್ನಾಬೇನ್ ಊಂಧಿಯು ಎಂಬ ಹಬ್ಬದ ಪಲ್ಯದ ಡಬ್ಬಿಗೆ ಮುಚ್ಚಳ ಒತ್ತುತ್ತ ನನ್ನನ್ನು ನೋಡಿ, “ಸರಿಯಾದ ಹೊತ್ತಿಗೆ ಬಂದಿರಿ. ಇದನ್ನು ಮೇಲೆ ಕೊಟ್ಟು ಬರ್ತೀನಿ, ಕೂತಿರಿ. ಇವತ್ತು ಯಾರೂ ಬರೋದಿಲ್ಲ” ಎಂದು ಹೋದರು. ನಾನು ಅವರ ಕುರ್ಚಿಯಲ್ಲಿ ಕೂತೆ. ಈ ಡಬ್ಬಿಯ ಮುಚ್ಚಳವನ್ನು ನೆನಪಿಡಿ. ಆಮೇಲೆ ನಾನು ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದೇನೆ.

ಸ್ವಲ್ಪ ಹೊತ್ತಿನಲ್ಲಿ ಒಬ್ಬರು ಶಟರಿನ ಕೆಳಗೆ ಬಗ್ಗಿ ಒಳಗೆ ಬಂದರು. ಅರವತ್ತು ದಾಟಿದವರು, ಸ್ವೆಟರಿನ ಮೇಲೆ ಆಸ್ಪತ್ರೆಯ ಪಾಸು ನೇತಾಡುತ್ತಿತ್ತು. ತಮ್ಮ ಹೆಸರು ಹೇಳಲಿಲ್ಲ. ಕೊಯಾಲಿಯ ಎಣ್ಣೆ ಶುದ್ಧೀಕರಣದ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಅಲ್ಲೇ ವಡೋದರಾದ ಹತ್ತಿರ ಮನೆ, ಹೆಂಡತಿ ಈ ಊರಿನ ಆಸ್ಪತ್ರೆಯಲ್ಲಿದ್ದಾಳೆ ಎಂದರು. ಬಹಳ ದಿನಗಳಿಂದ ಯಾರೊಂದಿಗೂ ಮಾತಾಡದವರ ಹಾಗೆ, ನಾನು ಕೇಳದೆಯೇ ಹೇಳಿದರು.

“ಗೋಡೆ ಕಡೆ ತಿರುಗಿ ಮಲಗಿಬಿಟ್ಟಿದ್ದಾಳೆ. ಮಾತು ಬಿಟ್ಟಿದ್ದಾಳೆ. ಡಾಕ್ಟರು ಮಾತಾಡಿಸಿ, ಮಾತಾಡಿಸಿ ಅಂತಾರೆ. ಏನು ಮಾತಾಡಿಸ್ಲಿ? ಜೀವಮಾನವೆಲ್ಲ ಅವಳೇ ಮಾತಾಡಿದ್ದು, ನಾನು ಹೂಂ ಅಂದದ್ದು. ಅವಳು ಭಾರಿ ಓದೋಳು. ನಾನು ಪೇಪರು ಬಿಟ್ಟು ಏನೂ ಓದಿದವನಲ್ಲ. ಓದಿ ಹೇಳೋಣ ಅಂತ ಬಂದೆ. ಒಂದು ಪುಸ್ತಕ ಕೊಡಿ. ದೇವರ ಪುಸ್ತಕ ಬೇಡ. ದೇವರ ಪುಸ್ತಕ ತೆಗೆದರೆ, ‘ನನ್ನ ಕಥೆ ಮುಗೀತು ಅಂತ ಇವರು ತೀರ್ಮಾನ ಮಾಡಿಬಿಟ್ರು’ ಅಂದ್ಕೋತಾಳೆ.”

“ಬೇನ್ ಮೇಲೆ ಹೋಗಿದ್ದಾರೆ, ಈಗ ಬರ್ತಾರೆ” ಎಂದೆ.

“ಭೇಟಿಯ ಹೊತ್ತು ಮುಗಿದುಹೋಗುತ್ತೆ, ಭಾಯಿ. ನೀವೇ ಕೊಡಿ. ಇಲ್ಲಿ ಕೂತಿದ್ದೀರಲ್ಲ.”

ನಾನು ಅಂಗಡಿಯವನಲ್ಲ, ನನಗೆ ಗುಜರಾತಿ ಓದಲು ಬರುವುದಿಲ್ಲ ಎಂದು ಹೇಳಬೇಕಿತ್ತು. ಹೇಳಿದೆನೋ ಇಲ್ಲವೋ, ಅದೇ ನನಗೆ ಖಚಿತವಿಲ್ಲ. ಖಚಿತವಾಗಿ ನೆನಪಿರುವುದು ಇಷ್ಟು: ನಾನು ಎದ್ದೆ, ಇಂಗ್ಲಿಷ್ ಕಪಾಟನ್ನು ದಾಟಿ ಹಿಂದಿನ ಮೂಲೆಗೆ ಹೋದೆ, ಅಲ್ಲಿ ಒತ್ತಾಗಿ ನಿಲ್ಲಿಸಿದ್ದ ಹಳೆಯ ಪುಸ್ತಕಗಳ ನಡುವಿನಿಂದ ಒಂದನ್ನು ಎಳೆದೆ. ಹುಡುಕಲಿಲ್ಲ. ನಮ್ಮ ಮನೆಯ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಗೆ ಕೈ ಹಾಕುವ ಹಾಗೆ ಕೈ ಹಾಕಿದೆ. ಹಸಿರು ರಟ್ಟು, ಮೂಲೆ ಸವೆದಿತ್ತು. ಪುಸ್ತಕ ಇನ್ನೂ ಮುಚ್ಚಿಕೊಂಡೇ ಇದ್ದಾಗ ನಾನು ಅವರಿಗೆ ಹೇಳಿದೆ: “ಇದರಲ್ಲಿ ಅಕ್ಕತಂಗಿಯರ ಜಗಳ ಇದೆ. ಇಬ್ಬರೂ ಮುದುಕಿಯರು. ಉಪ್ಪಿನಕಾಯಿ ಭರಣಿ ಅಕ್ಕನ ಹತ್ತಿರ ಇದೆ. ತಂಗಿ ಅದರ ಮುಚ್ಚಳವನ್ನು ಬಚ್ಚಿಟ್ಟು, ತಾನೂ ಹುಡುಕುವ ನಾಟಕ ಆಡುತ್ತಾಳೆ. ಅಕ್ಕನಿಗೆ ಗೊತ್ತು, ಆದರೂ ಸುಮ್ಮನಿದ್ದಾಳೆ. ಮುಚ್ಚಳ ಸಿಕ್ಕಿದರೆ ತಂಗಿ ತನ್ನ ಮನೆಗೆ ಹೊರಟುಬಿಡುತ್ತಾಳೆ, ಅದಕ್ಕೆ.”

ಇದನ್ನು ನಾನು ಹಿಂದಿಯಲ್ಲಿ ಹೇಳಿದೆ. ನನ್ನ ಹಿಂದಿ ಅಷ್ಟು ಸಲೀಸಲ್ಲ. ಆ ದಿನ ತಡವರಿಸಿದ ನೆನಪಿಲ್ಲ. ಆಮೇಲೆ ಪುಸ್ತಕ ಬಿಡಿಸಿ, ಜೇಬಿನ ಬಿಳಿ ಪಟ್ಟಿಯನ್ನು ಒಂದು ಪುಟಕ್ಕೆ ಇಟ್ಟು, ಅಂಗಡಿಯ ರೂಢಿಯಂತೆ, “ನಿಂತುಕೊಂಡು ಈ ಪುಟ ಓದಿ” ಎಂದೆ.

ಅವರು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದತೊಡಗಿದರು. ಶಾಲೆಯ ಹುಡುಗರ ಹಾಗೆ, ಪದಕ್ಕೊಂದು ಬೆರಳು. ಗುಜರಾತಿ ಕಿವಿಗೆ ಬಿದ್ದರೆ ನನಗೆ ಅರ್ಧ ತಿಳಿಯುತ್ತಿತ್ತು. ಭರಣಿ ಬಂತು. ಮುಚ್ಚಳ ಬಂತು. ಇಬ್ಬರು ಹೆಂಗಸರ ಸವಾಲು ಜವಾಬು ಬಂತು. ನಡುವೆ ಅವರು ನಿಂತು ನಕ್ಕರು. “ಹೀಗೇ, ಹೀಗೇ. ಅವಳೂ ಅವಳ ತಂಗಿಯೂ ಹೀಗೇ” ಎಂದು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮೇಲೆ ತಾರಸಿಯಲ್ಲಿ ಯಾರದೋ ಪಟ ಕತ್ತರಿಸಿಹೋಯಿತೆಂದು ಕೂಗು, ಪೀಪಿ, ತಟ್ಟೆಯ ಬಡಿತ. ಅವರು ಪುಸ್ತಕದ ಬೆಲೆ ಮೇಜಿನ ಮೇಲಿಟ್ಟು, ನನ್ನ ಭುಜವನ್ನು ಒಮ್ಮೆ ಮುಟ್ಟಿ, ಅವಸರವಾಗಿ ಹೊರಟುಹೋದರು. ಪಟ್ಟಿಯೂ ಪುಸ್ತಕದಲ್ಲೇ ಹೋಯಿತು.

ಜ್ಯೋತ್ಸ್ನಾಬೇನ್ ಬಂದಾಗ ನಾನು ಮೂಲೆಯ ಕಪಾಟಿನ ಸಂದಿಯನ್ನೇ ನೋಡುತ್ತ ನಿಂತಿದ್ದೆ. ಒಂದು ಪುಸ್ತಕ ಮಾರಿದೆ, ಪಟ್ಟಿ ಇಟ್ಟೆ ಎಂದೆ.

“ಕೊನೆಗೂ ಇಟ್ಟಿರಾ! ಪೇಂಡಾ ತರಿಸಿ ಬಾಯಿ ಸಿಹಿ ಮಾಡಬೇಕು. ಯಾವ ಪುಸ್ತಕ?”

ತೋರಿಸಿದೆ. ಅವರ ನಗು ಸ್ವಲ್ಪ ಹಿಂದೆ ಸರಿಯಿತು. ಪಾಲ್ಡಿಯ ಯಾವುದೋ ಮನೆ ಖಾಲಿ ಮಾಡುವಾಗ ಗಂಟುಕಟ್ಟಿ ತಂದ ಪುಸ್ತಕಗಳಂತೆ ಅವು. “ಅದರಲ್ಲಿ ಏನಿದೆ ಅಂತ ನಮಗೇ ಗೊತ್ತಿಲ್ಲ. ನಾನೂ ಓದಿಲ್ಲ, ಕಿರೀಟ್‌ಭಾಯಿಯೂ ಮುಟ್ಟಿಲ್ಲ. ತಗೊಂಡವರಿಗೆ ನೀವು ಏನು ಅಂತ ಹೇಳಿ ಕೊಟ್ಟಿರಿ?” ನಾನು ಏನೋ ತೇಲಿಸಿ ಹೇಳಿದೆ. ಹೊರಗೆ ಬರುವಷ್ಟರಲ್ಲಿ ಕತ್ತಲಾಗುತ್ತಿತ್ತು. ಗಾಳಿಪಟದ ದಾರಕ್ಕೆ ದೀಪದ ಗೂಡು ಕಟ್ಟಿ ಹಾರಿಸಿದ್ದರು. ಅಂದು ಮನೆಯವರೆಗೂ ನಡೆದೇ ಹೋದೆ. ಬಹಳ ದಿನಗಳ ಮೇಲೆ, ಯಾರಿಗೋ ನಾನು ಬೇಕಾಗಿದ್ದೆ ಎಂಬ ಭಾವ ಇತ್ತು. ಭಯ ಬಂದದ್ದು ಮರುದಿನ.

ನನ್ನ ಕಸುಬಿಗೆ ತಕ್ಕ ಹಾಗೆ ಕಾರಣ ಹುಡುಕಲು ಕೂತೆ. ಮೊದಲನೆಯದು, ಅದು ನಮ್ಮ ಮನೆಯದೇ ಹಳೆಯ ಸಂಗತಿ ಇರಬೇಕು. ಅವ್ವನಿಗೂ ಒಬ್ಬ ಅಕ್ಕ ಇದ್ದಾಳೆ. ಗದಗಿಗೆ ಫೋನು ಮಾಡಿದೆ.

“ಅವ್ವಾ, ನೀನು ದೊಡ್ಡವ್ವ ಯಾವಾಗರೆ ಉಪ್ಪಿನಕಾಯಿ ಭರಣಿ ಮುಚ್ಚಳಕ್ಕ ಜಗಳಾಡಿದ್ರೇನು?”

“ಯಾಕೋ, ಅಲ್ಲಿ ಊಟಕ್ಕ ಏನ್ ಹಾಕ್ತಾರ ನಿನಗ? ನಮ್ಮ ಭರಣಿಗೆ ಮುಚ್ಚಳಾ ಎಲ್ಲಿತ್ತು? ಬಿಳಿ ಅರಿವಿ ಕಟ್ಟತಿದ್ವಿ.”

“ಖರೇನ?”

“ಸುಳ್ಳ ಹೇಳಿ ನನಗೇನ್ ಆಗೂದೈತಿ? ದೊಡ್ಡವ್ವನ ಕೂಡ ನಾ ಜಗಳಾಡಿದ್ದು ಹೊಲದ ಸಲುವಾಗಿ. ಮುಚ್ಚಳದ ಸಲುವಾಗಿ ಜಗಳಾಡಾಕ ನಮಗ ಪುರುಸೊತ್ತ ಎಲ್ಲಿತ್ತು? ಹಬ್ಬಕ್ಕ ಎಳ್ಳು ತಿಂದಿಯೋ ಇಲ್ಲೋ ಅದನ್ನ ಹೇಳು.”

ಬಿಳಿ ಬಟ್ಟೆಯ ಮಾತು ಬಂದಾಗ ನನ್ನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಜೇಬು ಖಾಲಿ ಇತ್ತು. ಇಂಥ ಕಾಕತಾಳೀಯಗಳಿಗೆ ಬೆಲೆ ಕೊಡುವವನಲ್ಲ ನಾನು. ಆದರೂ ಬರೆದಿದ್ದೇನೆ.

ಎರಡನೆಯ ಕಾರಣ ಜ್ಯೋತ್ಸ್ನಾಬೇನ್ ಒತ್ತುತ್ತಿದ್ದ ಡಬ್ಬಿಯ ಮುಚ್ಚಳ. ಅದರಿಂದ ಮುಚ್ಚಳ ಎಂಬ ಮಾತು ನನ್ನ ತಲೆಗೆ ಬಂದಿರಬಹುದು, ಒಪ್ಪುತ್ತೇನೆ. ಪುಸ್ತಕದ ಪುಟಕ್ಕೆ ಹೇಗೆ ಬಂತು? ಗುಜರಾತಿ ಅಕ್ಷರಗಳು ತಲೆಗೆರೆಯಿಲ್ಲದ ಹಿಂದಿಯ ಹಾಗಿವೆ, ನನಗೆ ಗೊತ್ತಾಗದೆ ಕಣ್ಣು ಓದಿರಬಹುದು ಎಂದುಕೊಂಡರೆ, ನಾನು ಹೇಳುವಾಗ ಪುಸ್ತಕ ಮುಚ್ಚಿತ್ತು. ಮುಚ್ಚಿತ್ತು ಎಂದು ನನ್ನ ನೆನಪು ಹೇಳುತ್ತದೆ. ನೆನಪನ್ನು ನಂಬುವುದು ಹೇಗೆ? ಪ್ರತಿ ಸಲ ತೆಗೆದು ನೋಡಿದಾಗಲೂ ಅದು ಒಂದಿಷ್ಟು ಬದಲಾಗುತ್ತದೆ ಎಂದು ಬೇರೆಯವರಿಗೆ ಪಾಠ ಹೇಳುತ್ತಿದ್ದವನು ನಾನೇ.

ಮೂರನೆಯದು ಮಹೇಶ ಹೇಳಿದ್ದು. ಬಹಳ ದಿನ ಒಳಗಿಟ್ಟುಕೊಂಡು ಒಮ್ಮೆ ಅವನಿಗೆ ಹೇಳಿದೆ. ಅವನು ಚಪಾತಿ ಲಟ್ಟಿಸುತ್ತಲೇ ಕೇಳಿ, “ಅಯ್ಯೋ ಗುರುವೇ, ಆ ಯಪ್ಪ ಪುಸ್ತಕದಲ್ಲಿ ಇರೋದನ್ನೇ ಓದಿದ್ರು ಅಂತ ಏನ್ ಗ್ಯಾರಂಟಿ? ನೀನ್ ಹೇಳಿದ ಕತೆ ಚೆನ್ನಾಗಿತ್ತು, ಅದನ್ನೇ ತಿರುಗಿಸಿ ಹೇಳಿರ್ತಾರೆ. ನಿನಗೆ ಓದಕ್ ಬರುತ್ತಾ ಚೆಕ್ ಮಾಡಕ್ಕೆ?” ಎಂದ.

ಇದು ನನಗೆ ಹೊಳೆದೇ ಇರಲಿಲ್ಲ. ಪದಕ್ಕೊಂದು ಬೆರಳಿಟ್ಟು ಓದಿದವರು ಹಾಗೆ ಮಾಡಿಯಾರೇ? ಮಾಡಲೂಬಹುದು. ಹೆಂಡತಿಗೆ ಹೇಳಲು ಒಂದು ಕಥೆ ಬೇಕಾಗಿದ್ದವರು, ಸಿಕ್ಕಿದ ಕಥೆಯನ್ನು ಅಲ್ಲೇ ಬಾಯಿಪಾಠ ಮಾಡಿಕೊಂಡಿರಬಹುದು. ಹಾಗಾದರೆ ಪವಾಡ ಇಲ್ಲ. ಇಬ್ಬರು ಒಂಟಿ ಗಂಡಸರು ಹಬ್ಬದ ಮಧ್ಯಾಹ್ನ ಎದುರುಬದುರು ನಿಂತು, ಇಲ್ಲದ ಪುಟವೊಂದನ್ನು ಸೇರಿ ಓದಿದರು. ಅದನ್ನು ಒಪ್ಪಿಕೊಂಡು ಸುಮ್ಮನಾಗಲು ನೋಡಿದೆ.

ಆಮೇಲೆ ನಾನು ಕೆಲಸ ಬಿಟ್ಟು ವಡೋದರಾಕ್ಕೆ ಹೋದೆ. ಕೊಯಾಲಿಯ ಚಿಮಣಿಯ ಬೆಂಕಿ ದೂರದಿಂದ ಕಾಣುತ್ತಿತ್ತು. ಆ ಕಾರ್ಖಾನೆಯ ಟೌನ್‌ಶಿಪ್‌ಗಳ ರಸ್ತೆಯಲ್ಲಿ ಒಂದೆರಡು ಸಲ ಸುಮ್ಮನೆ ಸುತ್ತಿದ್ದೂ ಉಂಟು. ಹೆಸರು ಗೊತ್ತಿಲ್ಲದವರನ್ನು ಏನೆಂದು ಕೇಳುವುದು? ನಿಮ್ಮ ಹೆಂಡತಿ ಮಾತಾಡಿದರೇ ಎಂದೇ? ಅಲ್ಲಿಂದ ಸೂರತ್‌ಗೆ ಬಂದೆ. ಈಗ ಅಲ್ಲಿನ ವರಾಛಾ ಬಡಾವಣೆಯಲ್ಲಿ, ವಜ್ರದೊಳಗಿನ ಕಲೆಗಳನ್ನು ಪರದೆಯ ಮೇಲೆ ತೋರಿಸುವ ಯಂತ್ರಗಳ ಕಂಪನಿಯಲ್ಲಿದ್ದೇನೆ.

ಕೆಲಸದ ಮೇಲೆ ಅಹಮದಾಬಾದಿಗೆ ಹೋದಾಗ ಒಮ್ಮೆ ಆ ಅಂಗಡಿಯ ಮೆಟ್ಟಿಲು ಹತ್ತಿದೆ. ಜ್ಯೋತ್ಸ್ನಾಬೇನ್ ಗುರುತು ಹಿಡಿದು, “ಇಷ್ಟು ದಿನ ಎಲ್ಲಿದ್ದಿರಿ?” ಎಂದು ಬೈದು, ಮೇಜಿನ ಕೆಳಗಿನಿಂದ ಆ ಹಸಿರು ರಟ್ಟಿನ ಪುಸ್ತಕ ತೆಗೆದು ಮುಂದಿಟ್ಟರು. ನಾನು ಊರು ಬಿಟ್ಟ ಮೇಲೆ ಆ ಕೊಯಾಲಿಯವರು ಬಂದಿದ್ದರಂತೆ. ನನ್ನನ್ನು ಕೇಳಿದರಂತೆ.

“ನಿಮ್ಮ ಹೆಂಡತಿಗೆ ಪುಸ್ತಕ ಹಿಡಿಸಿತಾ ಅಂತ ಕೇಳಿದೆ. ನಕ್ಕರು. ಮೊದಲ ದಿನವೇ ಓದಿ ಹೇಳಿದರಂತೆ. ಅವರ ಹೆಂಡತಿ ಗೋಡೆ ಕಡೆಯಿಂದ ತಿರುಗಿ, ‘ನಿಮಗೆ ಇದನ್ನು ಕೊಟ್ಟವನು ಪುಸ್ತಕವನ್ನೇ ಓದಿಲ್ಲ’ ಅಂದರಂತೆ. ಇದನ್ನು ನಿಮಗೆ ಹೇಳಬೇಕು ಅಂತ ಹೇಳಿ, ಪುಸ್ತಕ ಕೊಟ್ಟು ಹೋದರು.”

“ಯಾಕೆ ಹಾಗಂದರಂತೆ?”

“ಅದನ್ನು ಹೇಳಲಿಲ್ಲ. ಅಂಗಡಿ ತುಂಬ ಜನ ಇದ್ದರು.”

“ಅವರು ಹೇಗಿದ್ದಾರೆ, ಹೆಂಡತಿ?”

ಜ್ಯೋತ್ಸ್ನಾಬೇನ್ ಪುಸ್ತಕದ ರಟ್ಟು ಒರೆಸುತ್ತ, “ಕೇಳಬೇಕು ಅಂತ ಬಾಯಿಗೆ ಬಂತು. ಕೇಳಲಿಲ್ಲ. ಓದಿ ಮುಗಿಸಿದವರು ಪುಸ್ತಕ ವಾಪಸ್ ತರೋದಿಲ್ಲ, ಭಾಯಿ. ಬೇಡವಾದವರು ತರ್ತಾರೆ. ಆದರೆ ಅವರು ನಗ್ತಾ ಇದ್ದರು” ಎಂದರು. “ಆ ಪುಟ ತೆಗೀರಿ, ಓದಿ ಹೇಳ್ತೀನಿ” ಎಂದು ಕನ್ನಡಕ ಹುಡುಕತೊಡಗಿದರು. ನಾನು ಬೇಡ ಎಂದೆ. ರೈಲಿಗೆ ಹೊತ್ತಾಯಿತು ಎಂದೆ. ಇನ್ನೂ ಹೊತ್ತಿತ್ತು.

ಪುಸ್ತಕ ಈಗ ಸೂರತ್‌ನ ನನ್ನ ಕೋಣೆಯಲ್ಲಿದೆ. ನನ್ನ ಬಿಳಿ ಪಟ್ಟಿ ಅದರಲ್ಲಿದೆ, ಆದರೆ ನಾನು ಇಟ್ಟ ಕಡೆ ಇಲ್ಲ. ನಾನು ಇಟ್ಟದ್ದು ಮೊದಲ ಭಾಗದಲ್ಲೆಲ್ಲೋ. ಅದೀಗ ಬಹಳ ಮುಂದೆ ಹೋಗಿ, ಮುಗಿಯುವುದಕ್ಕೆ ಇನ್ನೂ ಸಾಕಷ್ಟು ಪುಟಗಳಿರುವಾಗ ನಿಂತಿದೆ. ಅಲ್ಲಿಯವರೆಗೆ ಅವರು ಓದಿ ಹೇಳಿದ್ದಾರೆ. ಪಟ್ಟಿಯ ತುದಿ ಬೆರಳಿನ ಬೆವರಿಗೆ ಕಂದಿದೆ.

ಆಫೀಸಿನ ಗೆಳೆಯರು ನನ್ನನ್ನು ಹಂಗಿಸುತ್ತಾರೆ. ಇಷ್ಟು ವರ್ಷ ಗುಜರಾತಿನಲ್ಲಿದ್ದೂ ಬಸ್ಸಿನ ಬೋರ್ಡು ಓದಲು ಬಾರದ ವಿಜ್ಞಾನಿ ಎಂದು. ನಾನು ಬೇಕೆಂದೇ ಕಲಿತಿಲ್ಲ. ಮತ್ತೊಮ್ಮೆ ಹಾಗೇನಾದರೂ ಆದರೆ ಪ್ರಯೋಗ ಕೆಡಬಾರದಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ಫೋನಿನ ಕ್ಯಾಮೆರಾ ಹಿಡಿದರೆ ಪುಟಗಳನ್ನು ಓದಿಸಿಕೊಳ್ಳಬಹುದು, ಒಂದು ಸಂಜೆಯ ಕೆಲಸ. ಹಳ್ಳಿಯ ಆ ಸೊಸೆಯನ್ನು ಮರದ ಮರೆಯಿಂದ ಹೊರಗೆಳೆದವನಿಗೆ ಇಷ್ಟು ಮಾಡಲು ಆಗುತ್ತಿಲ್ಲ. ಅಕ್ಕತಂಗಿಯರು ಅದರಲ್ಲಿ ಇದ್ದರೆ ಏನು ಹೇಳಲಿ, ಇಲ್ಲದಿದ್ದರೆ ಏನು ಹೇಳಲಿ, ನನಗೆ ಗೊತ್ತಿಲ್ಲ. ಆ ತಾಯಿ ಗೋಡೆಯಿಂದ ತಿರುಗಿದ್ದು ಪುಸ್ತಕದ ಮಾತಿಗೋ ನನ್ನ ಮಾತಿಗೋ, ಅದೂ ಗೊತ್ತಿಲ್ಲ.

ಕೆಲವು ಭಾನುವಾರ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತೇನೆ. ಪಟ್ಟಿ ಜಾರದ ಹಾಗೆ ಹೆಬ್ಬೆರಳಿನಲ್ಲಿ ಒತ್ತಿ ಹಿಡಿದಿರುತ್ತೇನೆ. ಆ ಪುಟದ ಹೊತ್ತಿಗೆ ಆ ತಾಯಿಗೆ ವಾಸಿಯಾಗಿ, ಇನ್ನು ನಾನೇ ಓದಿಕೊಳ್ಳುತ್ತೇನೆ ಬಿಡಿ ಎಂದು ಗಂಡನ ಕೈಯಿಂದ ಕಿತ್ತುಕೊಂಡಿದ್ದರೆ, ಪಟ್ಟಿಯ ಗೊಡವೆ ಬಿಟ್ಟು ಕೊನೆಯವರೆಗೂ ಹೋಗಿರುತ್ತಾರೆ. ಹಾಗಲ್ಲದಿದ್ದರೆ, ಕೇಳುವವರಿಲ್ಲದೆ ಓದು ಅಲ್ಲಿಗೇ ನಿಂತಿದೆ. ಎರಡಕ್ಕೂ ಪಟ್ಟಿ ಅದೇ ಜಾಗದಲ್ಲಿರುತ್ತದೆ.